5 ವಾರದ ಮಗು, ಮುಂದಿನ ವಾರದಿಂದ ಮನೆಯಲ್ಲಿ ನಾನೊಬ್ಬಳೇ: ದಿನ ದೂಡುವುದು ಹೇಗೆ?

ಹೊಸಬಾಣಂತಿ

ಮಗುವಿಗೆ 5 ವಾರ. ಸಿಸೇರಿಯನ್ ಆಗಿದೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಬಾಣಂತನಕ್ಕೆ ಬಂದಿರುವ ಅಮ್ಮ ಮುಂದಿನ ಭಾನುವಾರ ಊರಿಗೆ ಹೊರಡುತ್ತಾರೆ. ಯಜಮಾನರು ಬೆಳಿಗ್ಗೆ 9ಕ್ಕೆ ಹೋದರೆ ಬರುವುದು ರಾತ್ರಿ 7:30ಕ್ಕೆ. ಮಗು ಎದೆಹಾಲು ಮಾತ್ರ ಕುಡಿಯುತ್ತಿದೆ.

ಕೇಳಬೇಕಿರುವುದು ಮೂರು. ಒಂದು, ಮಗು ಮಲಗಿದಾಗ ಸಿಗುವ ಚೂರುಪಾರು ಹೊತ್ತಿನಲ್ಲಿ ಏನು ಮಾಡಬಹುದು? ಮೊಬೈಲ್ ಉಜ್ಜುತ್ತಾ ಕೂತರೆ ತಲೆ ಇನ್ನಷ್ಟು ಭಾರವಾಗುತ್ತದೆ. ಎರಡು, ಸಂಜೆ 6ರಿಂದ 9ರವರೆಗೆ ಮಗು ಏನು ಮಾಡಿದರೂ ಕಿರುಚುತ್ತದೆ, ಆ ಹೊತ್ತಿಗೆ ನನಗೂ ಅಳು ಬರುತ್ತದೆ. ಎಲ್ಲಿಯವರೆಗೆ ಇದು ಸಹಜ, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು? ಮೂರು, ಒಬ್ಬಳೇ ಇರಬೇಕಾದ ದಿನಗಳಿಗೆ ಈಗಲೇ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು? "ಮಗು ಮಲಗಿದಾಗ ನೀನೂ ಮಲಗು" ಅಂತ ಮಾತ್ರ ಹೇಳಬೇಡಿ. ಅದು ಆಗುತ್ತಿಲ್ಲ.

ಸಿಸ್ಟರ್_ಧಾರವಾಡ

ಮೊದಲು ಒಂದು ಮಾತು ಹೇಳ್ತೀನ್ರಿ ಅಕ್ಕಾರ, ನಿಮ್ಮವ್ವಾರ ಟಿಕೆಟ್ ಒಂದು ವಾರ ಮುಂದ ಹಾಕಸ್ರಿ. ಕೂಸಿಗೆ ಈಗ 5 ವಾರ ಅಂದ್ರ ಬರೋ ವಾರ 6 ತುಂಬತದ. ಕೂಸಿನ ಅಳು ಎರಡು ವಾರದಿಂದ ಏರ್ಕೋತ ಹೋಗಿ ಭಾಳ ಜೋರಾಗೋದು ಸುಮಾರು 6ನೇ ವಾರದಾಗ. ಆಮ್ಯಾಲ ಇಳೀತದ, 3–4 ತಿಂಗಳಿಗೆ ಬಹಳಷ್ಟು ನಿಂತಿರ್ತದ. ಅದರ ಮ್ಯಾಲ 6 ವಾರಕ್ಕ ಪೆಂಟಾವೇಲೆಂಟ್ ಲಸಿಕಿ, ಪೋಲಿಯೊ, ರೋಟಾ, ನ್ಯೂಮೋಕಾಕಲ್ ಎಲ್ಲಾ ಒಂದ ದಿನ ಬರ್ತಾವ. ಪೆಂಟಾ ಆದ ಮ್ಯಾಲ ಒಂದೆರಡು ದಿನ ಸಣ್ಣ ಜ್ವರ, ತೊಡಿ ನೋವು, ಕಿರಿಕಿರಿ ಇರೋದ. ಇಂಥಾ ವಾರದಾಗ ನೀವು ಮೊದಲ ಸಲ ಒಬ್ಬರ ಇರೋದು ಬ್ಯಾಡ. ಅವ್ವಾರು ಇರೋ ಹೊತ್ತಿನ್ಯಾಗ ಎರಡು ಮೂರು ದಿನ ಅವರನ್ನ ಮುಂಜಾನೆಯಿಂದ ಸಂಜೀತನಕ ಬೇಕಂತ ಹೊರಗ ಕಳಸ್ರಿ. ಎಲ್ಲಿ ಕೈ ಸಾಲೂದಿಲ್ಲ ಅನ್ನೋದು ಆವಾಗ ಗೊತ್ತಾಗ್ತದ.

ಸಂಜೀ ಅಳು. ಮೊದಲು ಹಸಿವಿ, ಒದ್ದಿ ಬಟ್ಟಿ, ಸೆಕಿ ಇಲ್ಲಾ ಥಂಡಿ, ತೇಗು, ಇಷ್ಟು ನೋಡ್ರಿ. ಕಾಲಿನ ಬೆರಳಿಗೆ ದಾರ ಇಲ್ಲಾ ತಲಿಕೂದಲ ಸುತ್ಕೊಂಡದೇನಂತನೂ ನೋಡ್ರಿ, ಇದು ಭಾಳ ಮಂದಿಗೆ ಹೊಳಿಯೂದ ಇಲ್ಲ. ಇದ್ಯಾವುದೂ ಅಲ್ಲಂದ್ರ ಲೈಟ್ ಸಣ್ಣಗ ಮಾಡಿ, ಫ್ಯಾನಿನ ಸಪ್ಪಳ ಒಂದ ಇರಲಿ, ಕೂಸಿನ ಬಟ್ಟಿ ಬಿಚ್ಚಿ ನಿಮ್ಮ ಎದಿಗೆ ಚರ್ಮಕ್ಕ ಚರ್ಮ ತಾಗೂಹಂಗ ಹಾಕ್ಕೊಂಡು ಮ್ಯಾಲೊಂದು ಸೀರಿ ಹೊಚ್ಕೊರಿ. ಹತ್ತು ನಿಮಿಷ ಒಂದ ಉಪಾಯ ಮಾಡ್ರಿ, ಎರಡು ನಿಮಿಷಕ್ಕೊಂದು ಬದಲಿ ಮಾಡಿದ್ರ ಕೂಸು ಇನ್ನೂ ಗಾಬರಿ ಆಗ್ತದ. ಆ ಹೊತ್ತಿನ್ಯಾಗ ಪದೇ ಪದೇ ಎದಿ ಕೇಳೂದು ಹಾಲು ಕಡಿಮಿ ಆಗಿದ್ದಕ್ಕಲ್ಲ. 24 ತಾಸಿನ್ಯಾಗ 6 ಅಥವಾ ಅದಕ್ಕಿಂತ ಹೆಚ್ಚು ಸಲ ಉಚ್ಚಿ ಹೊಯ್ದು, ತೂಕಾ ಏರ್ಲಿಕ್ಕತ್ತಿದ್ರ ಹಾಲು ಸಾಕಾಗ್ಯಾದ ಅಂತನ ಅರ್ಥ. ಗ್ರೈಪ್ ವಾಟರ್, ಬಜಿ, ಜೇನತುಪ್ಪ ಯಾವುದೂ ಬ್ಯಾಡ.

ಅಳು ಕೇಳಿ ಕೇಳಿ ನಿಮ್ಮ ಕೈ ನಡಗೂದು, ಹಲ್ಲು ಕಡಿಯೂದು ಶುರು ಆತಂದ್ರ ಕೂಸಿನ್ನ ತೊಟ್ಟಿಲದಾಗ ಅಂಗಾತ ಮಲಗಸಿ, ಬಾಗಲಾ ಮುಂದ ಮಾಡಿ, 5–10 ನಿಮಿಷ ಹೊರಗ ಬರ್ರಿ. ಅತ್ತರ ಕೂಸಿಗೆ ಏನೂ ಆಗೂದಿಲ್ಲ. ಸಿಟ್ಟಿನ್ಯಾಗ ಅಲುಗಾಡಿಸಿದ್ರ ಮಿದುಳಿಗೆ ಪೆಟ್ಟು ಬೀಳ್ತದ, ಅದು ಜೀವಕ್ಕ ಬರೋದು. ಇದನ್ನ ನಿಮ್ಮ ಯಜಮಾನ್ರಿಗೂ ಹೇಳ್ರಿ.

ಈಗ ನಿಮ್ಮ ಅಳು. ಹೆರಿಗಿಯಾಗಿ ಎರಡು ಮೂರನೇ ದಿನ ಶುರುವಾಗೋ ಅಳು, ಚಡಪಡಿಕಿ ಹಾರ್ಮೋನ್ ಒಮ್ಮೆಲೆ ಇಳಿಯೋದರಿಂದ ಬರ್ತದ, ಎರಡು ವಾರದಾಗ ತಾನ ಹೋಗ್ತದ. ನಿಮಗ 5 ವಾರ ಆಗ್ಯಾವ. ಹಂಗಂತ ಜಡ್ಡು ಅಂತಲ್ಲ, ಆದ್ರ "ಎಲ್ಲಾರಿಗೂ ಬರೋದ" ಅಂತ ಬಿಡೂ ಹೊತ್ತೂ ದಾಟ್ಯಾದ. ಅಳತಿ ಮಾಡ್ಲಿಕ್ಕೆ ಎಡಿನ್‌ಬರೊ ಪ್ರಶ್ನಾವಳಿ ಅಂತ ಒಂದದ, 1987ರಿಂದ ಜಗತ್ತಿನ ತುಂಬ ಬಳಸ್ತಾರ, ಕನ್ನಡದಾಗೂ ಅದ. ಹಿಂದಿನ 7 ದಿನದ ಬಗ್ಗೆ 10 ಪ್ರಶ್ನಿ, ಒಂದೊಂದಕ್ಕ 0ರಿಂದ 3. ಒಟ್ಟು 13 ಇಲ್ಲಾ ಹೆಚ್ಚು ಬಂದ್ರ ಡಾಕ್ಟರ್ ನೋಡಬೇಕು. 10–12 ಬಂದ್ರ ಎರಡು ವಾರ ಬಿಟ್ಟು ಮತ್ತ ತುಂಬ್ರಿ. 10ನೇ ಪ್ರಶ್ನಿ ತನಗ ತಾನ ಏನರ ಮಾಡ್ಕೋಬೇಕು ಅನಸ್ತದೇನು ಅಂತ. ಅದಕ್ಕ ಸೊನ್ನಿ ಬಿಟ್ಟು ಬ್ಯಾರೆ ಏನರ ಬಂದ್ರ, ಒಟ್ಟು ಎಷ್ಟರ ಇರಲಿ, ಅವತ್ತ ಮಾತಾಡಬೇಕು. ಟೆಲಿ ಮಾನಸ್ 14416, ಹಗಲು ರಾತ್ರಿ ಇರ್ತದ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ. ನೀವು ಬೆಂಗಳೂರಾಗ ಇದ್ದೀರಿ, ನಿಮ್ಹಾನ್ಸ್‌ದಾಗ ತಾಯಿ-ಮಗು ವಾರ್ಡ್ 2009ರಿಂದ ಅದ. ಭರ್ತಿ ಆಗೋ ಪ್ರಸಂಗ ಬಂದ್ರೂ ಕೂಸಿನ್ನ ಬಿಟ್ಟಿರಬೇಕಾಗಿಲ್ಲ.

ರಾತ್ರಿಪಾಳಿ

ಇದು ನಿಮಗಿಂತ ನಿಮ್ಮ ಯಜಮಾನರು ಓದಬೇಕಾದ್ದು, ಅವರಿಗೂ ತೋರಿಸಿ.

"ಮಗು ಮಲಗಿದಾಗ ಮಲಗು" ಕೆಲಸ ಮಾಡದಿರುವುದಕ್ಕೆ ಕಾರಣ ಇದೆ. ಮಗುವಿನ ನಿದ್ದೆ ದಿನಕ್ಕೆ 14–17 ಗಂಟೆ ಇದ್ದರೂ ಅದು ತುಂಡು ತುಂಡು. ಮಧ್ಯಾಹ್ನದ ಬೆಳಕಿನಲ್ಲಿ, ಒಲೆ ಮೇಲೆ ಕುಕ್ಕರ್ ಇಟ್ಟುಕೊಂಡು, ಈಗ ಎದ್ದುಬಿಡುತ್ತೇನೋ ಅಂತ ಕಿವಿ ನೆಟ್ಟಗೆ ಮಾಡಿಕೊಂಡವರಿಗೆ 40 ನಿಮಿಷದಲ್ಲಿ ನಿದ್ದೆ ಹತ್ತುವುದಿಲ್ಲ. ಮನಸ್ಸು ಸರಿಹೋಗಲು ಬೇಕಿರುವುದು ರಾತ್ರಿ ಒಂದೇ ಸಮನೆ 4–5 ಗಂಟೆಯ ನಿದ್ದೆ. ಮಿಕ್ಕ ಏನೇ ಮಾಡಿದರೂ ಅದು ಇಲ್ಲದೆ ನಿಲ್ಲುವುದಿಲ್ಲ. ಅದನ್ನು ಹೀಗೆ ಹೊಂದಿಸಬಹುದು.

ರಾತ್ರಿ 9ಕ್ಕೆ ಎರಡೂ ಕಡೆ ಹಾಲು ಕೊಟ್ಟು ನೀವು ಬೇರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿ. ಬೇರೆ ರೂಮು ಅನ್ನುವುದು ಮುಖ್ಯ. ಒಂದೇ ಕೋಣೆಯಲ್ಲಿದ್ದರೆ ಮಗುವಿನ ಪ್ರತಿ ಮುಲುಕಿಗೂ ಎಚ್ಚರವಾಗುತ್ತದೆ. 9ರಿಂದ ಬೆಳಗಿನ ಜಾವ 2ರವರೆಗೆ ಮಗು ಅಪ್ಪನ ಜವಾಬ್ದಾರಿ, ನಡುವೆ ಒಂದು ಸಲದ ಹಾಲೂ ಅವರದೇ. 2ರಿಂದ ಬೆಳಿಗ್ಗೆ 7ರವರೆಗೆ ಅವರು ಮಲಗುತ್ತಾರೆ. ಇಬ್ಬರಿಗೂ ಐದೈದು ಗಂಟೆ ಸಿಗುತ್ತದೆ. ಇಬ್ಬರೂ ಎಲ್ಲದಕ್ಕೂ ಒಟ್ಟಿಗೆ ಏಳುವ ಮನೆಗಳಲ್ಲಿ ಎರಡೇ ವಾರಕ್ಕೆ ಇಬ್ಬರೂ ಕೆಲಸಕ್ಕೆ ಬಾರದವರಾಗಿರುತ್ತಾರೆ. ಪ್ರೀತಿ ತೋರಿಸಲು ಜೊತೆಗೆ ಏಳಬೇಕೆಂದೇನೂ ಇಲ್ಲ.

ಆ ಒಂದು ಸಲಕ್ಕೆ ಹಾಲು ಹಿಂಡಿಟ್ಟುಕೊಳ್ಳಬೇಕು. ಬೆಳಿಗ್ಗೆ ಮೊದಲ ಸಲ ಕುಡಿಸಿದ ಮೇಲೆ ತೆಗೆಯಿರಿ, ಆಗ ಹಾಲು ಹೆಚ್ಚಿರುತ್ತದೆ. ಪಂಪ್ ಇಲ್ಲದಿದ್ದರೂ ಆಗುತ್ತದೆ: ಕೈ ತೊಳೆದು, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಒಂದು ಇಂಚು ಹಿಂದೆ ಹಿಡಿದು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಕೂಡಿಸಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ಜಾರಿದರೆ ಉರಿ ಬರುತ್ತದೆ. ಮೊದಲ ದಿನ 20–30 ಮಿಲಿ ಮಾತ್ರ ಬಂದರೆ ಗಾಬರಿ ಬೇಡ. ಈ ವಯಸ್ಸಿನ ಮಗು ಒಂದು ಸಲಕ್ಕೆ ಸುಮಾರು 60ರಿಂದ 90 ಮಿಲಿ ಕುಡಿಯುತ್ತದೆ, ಎರಡು ಮೂರು ಸಲದ್ದು ಸೇರಿಸಿದರೆ ಆಯಿತು. ಹೊಸದಾಗಿ ತೆಗೆದದ್ದನ್ನು ತಣ್ಣಗಾಗಿಸಿ ಹಳೆಯದಕ್ಕೆ ಸೇರಿಸಿ. ಕುದಿಸಿದ ಸ್ಟೀಲ್ ಡಬ್ಬದಲ್ಲಿ, ಫ್ರಿಜ್‌ನ ಒಳತುದಿಯಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಬಾಗಿಲ ತಟ್ಟೆಯಲ್ಲಿ ಇಡಬೇಡಿ, ತೆಗೆದಾಗಲೆಲ್ಲ ಬಿಸಿಗಾಳಿ ಬಡಿಯುತ್ತದೆ. ಬೆಚ್ಚಗಾಗಿಸಲು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬ ನಿಲ್ಲಿಸಿ, ಒಲೆ ಮೇಲೂ ಬೇಡ, ಮೈಕ್ರೋವೇವ್ ಕೂಡ ಬೇಡ. ಬೆಚ್ಚಗೆ ಮಾಡಿದ್ದು ಎರಡು ಗಂಟೆಯಲ್ಲಿ ಖಾಲಿಯಾಗಬೇಕು, ಮಿಕ್ಕಿದ್ದು ಚೆಲ್ಲಿ.

ಕುಡಿಸುವುದು ಒಳಲೆಯಲ್ಲಿ, ಇಲ್ಲವೇ ಬಟ್ಟಲು-ಚಮಚದಲ್ಲಿ. ಮಗುವನ್ನು ಅರ್ಧ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ. ಮಗು ತಾನೇ ನೆಕ್ಕಿ ಎಳೆದುಕೊಳ್ಳುತ್ತದೆ. ಅಂಗಾತ ಮಲಗಿಸಿ ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ. ಮೊದಲ ಸಲ ಅಮ್ಮ ಎದುರಿಗೆ ಇರಬಾರದು, ಹಾಲಿನ ವಾಸನೆಗೆ ಮಗು ಎದೆಯನ್ನೇ ಹುಡುಕುತ್ತದೆ.

5 ಗಂಟೆಗಿಂತ ಹೆಚ್ಚು ಬಿಡಬೇಡಿ. ಎದೆ ಕಟ್ಟಿ ಗಟ್ಟಿಯಾಗುತ್ತದೆ, ದಿನಾ ಹಾಗಾದರೆ ಹಾಲೂ ಇಳಿಯುತ್ತದೆ. ನಡುವೆ ನೋವಿಗೆ ಎಚ್ಚರವಾದರೆ ಹಗುರವಾಗುವಷ್ಟು ಮಾತ್ರ ಹಿಂಡಿ ಮಲಗಿ.

ತಿಪಟೂರು_ತೆಂಗು

ಐದು ವಾರದ ಬಾಣಂತಿಗೆ ಹವ್ಯಾಸ ಯಾಕೆ? ಹೊಟ್ಟೆ ಕೊಯ್ದಿದ್ದಾರೆ, ಮಲಗಿರಲಿ ಬಿಡಿ. ಟೈಮ್‌ಪಾಸ್ ಆಮೇಲೆ ನೋಡಿದರಾಯಿತು.

ಸೂಜಿದಾರ

@ತಿಪಟೂರು_ತೆಂಗು, ಅವರು ಟೈಮ್‌ಪಾಸ್ ಕೇಳಿಲ್ಲ. ಹಾಲು, ಬಟ್ಟೆ, ಹಾಲು, ಬಟ್ಟೆ ಅಂತ ದಿನಕ್ಕೆ 8–12 ಸಲ ಅದೇ ಸುತ್ತು ತಿರುಗುವಾಗ ಮಾಡಿದ ಕೆಲಸ ಒಂದೂ ಕಣ್ಣಿಗೆ ಕಾಣುವುದಿಲ್ಲ. ಒಗೆದದ್ದು ಮತ್ತೆ ಒದ್ದೆ, ಕುಡಿದದ್ದು ಮತ್ತೆ ಹಸಿವು. ಮನಸ್ಸು ಕುಗ್ಗುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ಖಿನ್ನತೆಗೆಂದು 2015ರಲ್ಲಿ ಹೊರತಂದ ಕೈಪಿಡಿಯಲ್ಲೂ ಸಣ್ಣ ಕೆಲಸವೊಂದನ್ನು ಮೊದಲೇ ಗೊತ್ತುಮಾಡಿಕೊಂಡು ಮಾಡಿ ಮುಗಿಸುವುದು ಚಿಕಿತ್ಸೆಯ ಭಾಗ. ಆ ವಿಧಾನ ಮೊದಲು ಪರೀಕ್ಷೆಗೊಳಗಾದದ್ದು ಪಾಕಿಸ್ತಾನದ ಹಳ್ಳಿಗಳಲ್ಲಿ, ನಮ್ಮ ಆಶಾಗಳಂಥ ಕಾರ್ಯಕರ್ತೆಯರ ಕೈಯಲ್ಲೇ. "ಮನಸ್ಸು ಬಂದಾಗ ಮಾಡೋಣ" ಅಂದುಕೊಂಡರೆ ಮನಸ್ಸು ಬರುವುದೇ ಇಲ್ಲ. ಮೊದಲು ಕೈ ಶುರು ಮಾಡಬೇಕು.

ಆದರೆ ಯಾವ ಕೆಲಸ ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ಈಗ ಬೇಕಾದದ್ದು ಎಲ್ಲಿ ಬಿಟ್ಟೆದ್ದರೂ ಕೆಡದ ಕೆಲಸ. ಉದಾಹರಣೆಗೆ ಕಸೂತಿ ಈಗ ಬೇಡ. ಗವಂತಿ, ಮುರ್ಗಿ ಎರಡೂ ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟಿಲ್ಲದೆ ಹೊರಟಲ್ಲಿಗೇ ವಾಪಸ್ ಬರಬೇಕು. ನಡುವೆ ಮಗು ಅತ್ತು ಎದ್ದರೆ ವಾಪಸ್ ಬರುವ ದಾರಿ ತಪ್ಪುತ್ತದೆ, ಮೂರು ಸಲ ಬಿಚ್ಚಿದ ಮೇಲೆ ಬಟ್ಟೆಯೂ ಮನಸ್ಸೂ ಹಾಳು. ಆನ್‌ಲೈನ್ ಕೋರ್ಸ್ ಕೂಡ ಇದೇ ಜಾತಿ. ಬಾಕಿ ಉಳಿದ ಪಾಠಗಳ ಲೆಕ್ಕ ಇನ್ನೊಂದು ಸಾಲ ಆಗುತ್ತದೆ.

ಕೌದಿ ಒಳ್ಳೆಯದು. ಹಳೆಯ ಕಾಟನ್ ಸೀರೆಯನ್ನು 9 ಇಂಚಿನ ಚೌಕ ಮಾಡಿ, ಮೂರು ಪದರ ಜೋಡಿಸಿ, ದಪ್ಪ ದಾರದಲ್ಲಿ ನೇರ ಓಟದ ಹೊಲಿಗೆ. ಅರ್ಧ ಇಂಚಿಗೊಂದು ಸಾಲು. ಎಣಿಕೆ ಇಲ್ಲ, ಎಲ್ಲಿ ಬಿಟ್ಟರೂ ಅಲ್ಲಿಂದಲೇ ಶುರು. ಚೌಕ ಒಂದೊಂದೇ ಮುಗಿಯುವುದರಿಂದ ದಿನಕ್ಕೊಂದು "ಆಯಿತು" ಸಿಗುತ್ತದೆ. ಕತ್ತರಿಸುವುದು, ಜೋಡಿಸುವುದು ಅಮ್ಮ ಇರುವಾಗಲೇ ಮುಗಿಸಿಟ್ಟುಕೊಳ್ಳಿ, ಏಕೆಂದರೆ ಅದಕ್ಕೆ ನೆಲದ ಜಾಗ ಬೇಕು, ಬಗ್ಗಬೇಕು, ಹೊಲಿಗೆ ಹಾಕಿದ ಹೊಟ್ಟೆಗೆ ಅದು ಆಗದು. ಕ್ರೋಶ ಬಲ್ಲವರು ಅದನ್ನೇ ಮಾಡಬಹುದು. ಏಳುವ ಮೊದಲು ಕುಣಿಕೆಗೆ ಪಿನ್ನು ಚುಚ್ಚಿ ಬಿಡಿ, ಇಲ್ಲದಿದ್ದರೆ ದಾರ ಎಳೆದು ಇಡೀ ಸಾಲು ಬಿಚ್ಚುತ್ತದೆ.

ಸೂಜಿ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಒಂದೇ ಸೂಜಿ, ಮುಚ್ಚಳದ ಡಬ್ಬಿ, ಮಂಚದ ಮೇಲೆ ಹೊಲಿಗೆ ಇಲ್ಲ, ಮಗು ಮಡಿಲಲ್ಲಿ ಇದ್ದಾಗಲಂತೂ ಇಲ್ಲವೇ ಇಲ್ಲ. ಎದ್ದಾಗ ಸೂಜಿ ಡಬ್ಬಿಗೆ ಹೋದ ಮೇಲೆಯೇ ಮಗುವಿನ ಕಡೆಗೆ ಹೋಗಿ, ಅರ್ಧ ನಿಮಿಷ ಹೆಚ್ಚು ಅತ್ತರೂ ಪರವಾಗಿಲ್ಲ. ತಯಾರಾದ ಕೌದಿ ಸದ್ಯಕ್ಕೆ ನಿಮಗೆ. ಮಗುವಿಗೆ ಮೇಲೆ ಹೊದಿಸುವುದೂ ಬೇಡ, ತೊಟ್ಟಿಲಲ್ಲಿ ಮೆತ್ತಗೆ ಹಾಸುವುದೂ ಬೇಡ.

ಹಾಲು ಕೊಡುವ ಹೊತ್ತು ಬೇರೆ, ಅದಕ್ಕೆ ಕಿವಿಯ ಕೆಲಸ ಇಟ್ಟುಕೊಳ್ಳಿ. ಒಂದೊಂದು ಸಲಕ್ಕೆ 20ರಿಂದ 40 ನಿಮಿಷ. ಆಕಾಶವಾಣಿ, ಕನ್ನಡ ಪಾಡ್‌ಕಾಸ್ಟ್, ಕೇಳುಪುಸ್ತಕ, ಯಾವುದಾದರೂ ಸರಿ. ಒಂದೇ ಕಿವಿಗೆ ಇಯರ್‌ಫೋನ್, ಇನ್ನೊಂದು ಮಗುವಿಗೆ. ಮೊಬೈಲ್ ಉಜ್ಜಿದರೆ ತಲೆ ಭಾರ ಅಂದಿರಲ್ಲ, ಅದಕ್ಕೆ ರಾತ್ರಿ ಹಾಲಿನ ಹೊತ್ತಿಗೆ ಫೋನನ್ನು ಕೈಗೆ ಸಿಗದಷ್ಟು ದೂರ ಚಾರ್ಜಿಗೆ ಹಾಕಿ, ಸಣ್ಣ ರೇಡಿಯೊ ಹತ್ತಿರ ಇಡಿ. ಪರದೆಯ ಬೆಳಕಿನಲ್ಲಿ ಹತ್ತು ನಿಮಿಷ ಕಳೆದರೆ ಮತ್ತೆ ನಿದ್ದೆಗೆ ಜಾರಲು ಒಂದು ಗಂಟೆ ಬೇಕಾದೀತು.

ಮಗು ಎಚ್ಚರ ಇರುವಾಗ ಏನು ಆಡಿಸುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಸರಿಯಾಗಿ ಕಾಣುವುದು 20–30 ಸೆಂಟಿಮೀಟರ್ ದೂರದ್ದು, ಅಂದರೆ ನಿಮ್ಮ ಮುಖ. ಕಪ್ಪು-ಬಿಳುಪಿನ ದಪ್ಪ ಗೆರೆಗಳ ಬಟ್ಟೆ ಇದ್ದರೆ ನೋಡುತ್ತದೆ. ದಿನಕ್ಕೆ ಎರಡು ಮೂರು ಸಲ, ಮೂರು ಮೂರು ನಿಮಿಷ ನಿಮ್ಮೆದುರಿಗೇ ಬೋರಲು ಮಲಗಿಸಿ, ಕುತ್ತಿಗೆ ಗಟ್ಟಿಯಾಗುತ್ತದೆ. ಮಾಡುತ್ತಿರುವ ಕೆಲಸವನ್ನೇ ಬಾಯಿಬಿಟ್ಟು ಹೇಳುತ್ತಿರಿ: "ಈಗ ಸಾರಿಗೆ ಒಗ್ಗರಣೆ ಹಾಕ್ತಿದೀನಿ ನೋಡು ಕಂದ." ಇಡೀ ದಿನ ದೊಡ್ಡವರ ಜೊತೆ ಒಂದು ಮಾತೂ ಆಡದವರಿಗೆ ತಮ್ಮ ದನಿ ಕೇಳಿಸಿಕೊಳ್ಳುವುದೂ ಬೇಕು. 6 ವಾರದ ಆಸುಪಾಸಿನಲ್ಲಿ ಅದು ಮುಖ ನೋಡಿ ನಗಲು ಶುರು ಮಾಡುತ್ತದೆ, ಅಲ್ಲಿಯವರೆಗೆ ಒಂದು ಕಡೆಯ ಸಂಭಾಷಣೆ.

ಹೊಸಬಾಣಂತಿ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಒಂದು ವಾರ ಉಳಿಯಲು ಒಪ್ಪಿದ್ದಾರೆ. ಪ್ರಶ್ನಾವಳಿ ತುಂಬಿದೆ, 11 ಬಂತು. 10ನೆಯದಕ್ಕೆ ಸೊನ್ನೆ.

ಇನ್ನೆರಡು. ಅಮ್ಮ ನೀರು ಹೆಚ್ಚು ಕುಡಿಯಬೇಡ, ಹೊಟ್ಟೆ ಬರುತ್ತದೆ ಅನ್ನುತ್ತಾರೆ. ಗಾಳಿ ತಾಗುತ್ತದೆಂದು ಕಿಟಕಿಯನ್ನೂ ತೆಗೆಯಗೊಡುವುದಿಲ್ಲ. ಜಗಳ ಆಡದೆ ಏನು ಹೇಳಲಿ? ಇನ್ನೊಂದು ಹೇಳಲು ಭಯ: ಬಾಲ್ಕನಿ ಹತ್ತಿರ ಹೋದರೆ ಮಗು ಕೈಜಾರಿ ಕೆಳಗೆ ಬಿದ್ದ ಹಾಗೆ ಕಣ್ಣೆದುರು ಬರುತ್ತದೆ. ದಿನಕ್ಕೆ ನಾಲ್ಕೈದು ಸಲ. ನಾನು ಹುಚ್ಚಿಯಾಗುತ್ತಿದ್ದೇನಾ?

ಸಿಸ್ಟರ್_ಧಾರವಾಡ

ಇಲ್ಲ ಅಕ್ಕಾರ. ಹೇಳಿದ್ದು ಭಾಳ ಛಲೋ ಆತು. ಕೂಸು ಬಿದ್ದಂಗ, ಮುಳುಗಿದಂಗ, ತನ್ನ ಕೈಯಿಂದನ ಏನರ ಆದಂಗ ಬೇಡದ ಚಿತ್ರ ಕಣ್ಣಮುಂದ ಬರೋದು ಹೊಸ ತಾಯಂದಿರೊಳಗ ಭಾಳ ಮಂದಿಗೆ ಇರ್ತದ, ಅಪ್ಪಂದ್ರಿಗೂ ಇರ್ತದ, ಯಾರೂ ಬಾಯಿ ಬಿಡೂದಿಲ್ಲ ಅಷ್ಟ. ಅದು ಬಂದಾಗ ನಿಮಗ ಅಂಜಿಕಿ ಆಗ್ತದಲ್ಲ, ಆ ಅಂಜಿಕಿನ ನೀವು ಹಂಗ ಮಾಡೂದಿಲ್ಲ ಅನ್ನೋದರ ಗುರುತು. ಬಂದಾಗ "ಇದೊಂದು ಚಿತ್ರ, ಬಂತು, ಹೋಗ್ತದ" ಅಂದ್ಕೊಂಡು ಕೈಯಾಗಿನ ಕೆಲಸ ಮುಂದುವರಸ್ರಿ. ಅದರ ಜೊತಿ ಗುದ್ದಾಡಿದಷ್ಟೂ ಹೆಚ್ಚು ಬರ್ತದ. ಬಾಲ್ಕನಿಗೆ ಹೋಗೂದು ಪೂರ್ತಿ ಬಿಡಬ್ಯಾಡ್ರಿ, ಕಟಕಟಿಯಿಂದ ಎರಡು ಹೆಜ್ಜಿ ಒಳಗ ಕುರ್ಚಿ ಹಾಕಿ ಕೂಡ್ರಿ. ದಿನದ ಬಹಳ ಹೊತ್ತು ಅದ ತಲ್ಯಾಗ ತಿರುಗಿದ್ರ, ಇಲ್ಲಾ ಅಂಜಿ ಕೂಸಿನ್ನ ಎತ್ಕೊಳ್ಳೂದನ್ನ ಬಿಟ್ಟರ ಡಾಕ್ಟರಿಗೆ ಹೇಳ್ರಿ, ಅದಕ್ಕೂ ಚಿಕಿತ್ಸಾ ಅದ.

ಬ್ಯಾರೆ ಇರೋದು ಇದು: ಯಾರೂ ಇಲ್ಲದ ದನಿ ಕೇಳೂದು, ಕೂಸು ದೇವರು ಇಲ್ಲಾ ದೆವ್ವ ಅಂತ ಖರೇನ ನಂಬೂದು, ಎರಡು ದಿನ ನಿದ್ದಿ ಇಲ್ಲದಿದ್ರೂ ದಣಿವು ಆಗದ ಓಡಾಡೂದು, ಮನಿಯವ್ರ ಮ್ಯಾಲ ವಿಪರೀತ ಸಂಶಯ. ಸಾವಿರ ಹೆರಿಗಿಗೆ ಒಂದೆರಡು ಕಡೆ ಆಗ್ತದ, ಹೆಚ್ಚಾಗಿ ಮೊದಲ ಎರಡು ವಾರದಾಗ. ಅದು ತುರ್ತು, ಅವತ್ತ ದವಾಖಾನಿ, ತಾಯಿ ಕೂಸು ಇಬ್ಬರನ್ನ ಅಷ್ಟ ಬಿಡಬಾರದು. ಈ ಸಾಲು ನಿಮಗಲ್ಲ, ನಿಮ್ಮ ಯಜಮಾನ್ರಿಗೆ. ಯಾಕಂದ್ರ ಆ ಹೊತ್ತಿನ್ಯಾಗ ತಾಯಿಗೆ ತನಗ ಆರಾಮ ಇಲ್ಲ ಅನ್ನೋದ ಗೊತ್ತಿರೂದಿಲ್ಲ.

11 ಅಂದ್ರ ಮಧ್ಯದಾಗ ಅದ. 6 ವಾರದ ತಪಾಸಣಿಗೆ ಹೋದಾಗ ಡಾಕ್ಟರಿಗೆ ಆ ಹಾಳಿ ತೋರಸ್ರಿ, ಎರಡು ವಾರಕ್ಕ ಮತ್ತ ತುಂಬ್ರಿ. ಔಷಧಿ ಬೇಕಾತು ಅಂದ್ರೂ ಹಾಲು ಬಿಡಸಬೇಕು ಅಂತಿಲ್ಲ, ಹಾಲು ಕುಡಿಸ್ತಾ ತಗೊಳ್ಳೋವು ಅದಾವ. ತಾನ ಶುರು ಮಾಡೂದು, ತಾನ ನಿಲ್ಲಸೂದು ಎರಡೂ ಬ್ಯಾಡ.

ಅವ್ವಾರ ಮಾತು. ಎಲ್ಲಾದಕ್ಕೂ ಜಗಳ ಬ್ಯಾಡ್ರಿ. ಕಿವಿಗೆ ಅರಳಿ, ತಲಿಗೆ ಕುಂಚಿಗಿ, ಅಂಟಿನುಂಡಿ, ಬಳ್ಳೊಳ್ಳಿ, ಸಬ್ಬಸಗಿ ಪಲ್ಯಾ, ಬಿಸಿನೀರಿನ ಜಳಕಾ ಎಲ್ಲಾ ಹೂಂ ಅನ್ರಿ, ಅವ್ರಿಗೂ ಸಮಾಧಾನ. ಎರಡರಾಗ ಮಾತ್ರ ಬಿಟ್ಟು ಕೊಡಬ್ಯಾಡ್ರಿ. ನೀರು: ಹೊಟ್ಟಿ ಮುಂದ ಬರೋದು ಸ್ನಾಯು ಸಡಿಲಾಗಿದ್ದಕ್ಕ, ನೀರಿಗಲ್ಲ. ನೀರು ಕಡಿಮಿ ಆದ್ರ ಮಲಬದ್ಧತಿ ಆಗ್ತದ, ತಿಣುಕಿದ್ರ ಹೊಲಿಗಿ ಜಗ್ಗತದ, ಉಚ್ಚಿ ಉರಿ ಬರ್ತದ. ಬಿಸಿನೀರು, ಜೀರಗಿ ಕುದಿಸಿದ ನೀರು ಅಂದ್ರ ಅವ್ವಾರು ಒಪ್ಪತಾರ, ಪ್ರತಿ ಸಲ ಹಾಲು ಕೊಡುವಾಗ ಒಂದು ಗ್ಲಾಸ್. ಬೆಳಕು: ಮುಂಜಾನೆ 8ರ ಒಳಗ 20 ನಿಮಿಷ ಪಡದಿ ತಗದು, ಕಿಡಕಿ ಬೇಕಾದ್ರ ಮುಚ್ಚೇ ಇರಲಿ, ಬೆಳಕಿನ್ಯಾಗ ಕೂಡ್ರಿ. ಕೂಸಿಗೆ ಹಗಲು ರಾತ್ರಿ ಫರಕ ತಿಳಿಯೂದು ಎರಡು ಮೂರು ತಿಂಗಳ ಮ್ಯಾಲ. ಹಗಲೆಲ್ಲಾ ಕತ್ತಲಿ ಇಟ್ಟರ ಅದಿನ್ನೂ ತಡಾ ಆಗ್ತದ, ನಿಮ್ಮ ಮನಸ್ಸಿಗೂ ಮಂಕು. ಲೋಬಾನದ ಹೊಗಿ ಕೂಸಿನ ಕೋಣ್ಯಾಗ ಬ್ಯಾಡ, ಬೇಕಾದ್ರ ದೇವರ ಮನಿಗೆ ಹಾಕ್ರಿ ಅಂತ ಹೇಳ್ರಿ.

ಡಬ್ಬಿ_ಅಡುಗೆ

ಮೂರನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಒಬ್ಬರೇ ಇರುವ ದಿನ ಕೈಕೊಡುವುದು ಹೆಚ್ಚಾಗಿ ಊಟದಲ್ಲಿ. ಬೆಳಿಗ್ಗೆ 10ಕ್ಕೆ ತಿಂಡಿ ತಪ್ಪಿದರೆ 3 ಗಂಟೆಯವರೆಗೆ ಏನೂ ಆಗುವುದಿಲ್ಲ, ಸಂಜೆ ಮಗು ಅಳುವ ಹೊತ್ತಿಗೆ ಹೊಟ್ಟೆ ಖಾಲಿ, ಕಣ್ಣು ತುಂಬ ನೀರು. ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಊಟದಷ್ಟು.

ಹಾಲು ಕೊಡುವ ಜಾಗದಲ್ಲಿ ಒಂದು ಬುಟ್ಟಿ ಇಡಿ: ಒಂದು ಲೀಟರ್ ನೀರಿನ ಬಾಟಲಿ (ಒಂದೇ ಕೈಯಲ್ಲಿ ಮುಚ್ಚಳ ತೆರೆಯುವಂಥದ್ದು), ಅಂಟಿನುಂಡೆ, ಖರ್ಜೂರ, ಹುರಿಗಡಲೆ, ಬಾಳೆಹಣ್ಣು, ಮೂರು ಒರೆಸುಬಟ್ಟೆ, ಒಂದು ಜೊತೆ ಮಗುವಿನ ಬಟ್ಟೆ, ಸೊಂಟಕ್ಕೆ ದಿಂಬು. ಒಂದು ರೂಮಿನಲ್ಲಿ, ಇನ್ನೊಂದು ಹಾಲ್‌ನಲ್ಲಿ. ಒಂದೇ ಬುಟ್ಟಿ ಇಟ್ಟರೆ ಅದು ಯಾವಾಗಲೂ ನೀವಿಲ್ಲದ ಕೋಣೆಯಲ್ಲೇ ಇರುತ್ತದೆ. ತುಂಬಿಸುವುದು ಯಜಮಾನರ ಬೆಳಗಿನ ಕೆಲಸ.

ಅವರು 9ಕ್ಕೆ ಹೊರಡುವ ಮೊದಲು ನಿಮ್ಮ ಸ್ನಾನ ಮುಗಿದಿರಲಿ, ತಿಂಡಿ ತಿಂದಾಗಿರಲಿ, ಮಧ್ಯಾಹ್ನದ ಅನ್ನ-ಸಾರು ಹಾಟ್‌ಬಾಕ್ಸ್‌ಗೆ ಹೋಗಿರಲಿ. ಸ್ನಾನವನ್ನು "ಆಮೇಲೆ" ಅಂತ ಬಿಟ್ಟರೆ ಅದು ಸಂಜೆ 8 ಆಗುತ್ತದೆ. ಅಮ್ಮ ಉಳಿದಿರುವ ವಾರದಲ್ಲಿ ಮಾಡಿಸಿಟ್ಟುಕೊಳ್ಳಬೇಕಾದ್ದು: ಹುರಿದ ರವೆ 1 ಕೆಜಿ, ಸಾರಿನಪುಡಿ, ಚಟ್ನಿಪುಡಿ, ಬಾಣಂತಿ ಖಾರದ ಪುಡಿ, ಎರಡು ಡಬ್ಬ ಅಂಟಿನುಂಡೆ. ಒಣರೊಟ್ಟಿ ಸಿಕ್ಕರೆ ತರಿಸಿ, ವಾರಗಟ್ಟಲೆ ಕೆಡುವುದಿಲ್ಲ, ಮೊಸರು-ಚಟ್ನಿಪುಡಿ ಜೊತೆ ಒಂದೇ ಕೈಯಲ್ಲಿ ಊಟ. ಸಂಜೆ 5:30ಕ್ಕೆ ಏನಾದರೂ ಗಟ್ಟಿಯಾಗಿ ತಿಂದುಬಿಡಿ, 6ಕ್ಕೆ ಶುರುವಾಗುವ ಅಳುವಿಗಿಂತ ಮೊದಲು.

ಮಗುವಿಗಿಂತ ಭಾರದ್ದು ಎತ್ತಬೇಡಿ, ಅಂದರೆ ತುಂಬಿದ ಬಕೆಟ್ಟು, 5 ಲೀಟರ್ ಕುಕ್ಕರ್, ನೀರಿನ ಕ್ಯಾನ್ ಇವೆಲ್ಲ ಬೆಳಿಗ್ಗೆಯೇ ಅವುಗಳ ಜಾಗದಲ್ಲಿರಬೇಕು. ಬಿಸಿ ಪಾತ್ರೆ ಮತ್ತು ಮಗು ಒಟ್ಟಿಗೆ ಕೈಯಲ್ಲಿ ಇರಬಾರದು.

ನೋಡಲು ಬರುವವರು "ಏನಾದರೂ ಬೇಕಾ" ಅಂದರೆ "ಏನೂ ಬೇಡ" ಅನ್ನುವುದು ನಮ್ಮ ಅಭ್ಯಾಸ. ಅದನ್ನು ಬಿಡಿ. "ಬರುವಾಗ ಒಂದು ಡಬ್ಬ ಪಲ್ಯ ತನ್ನಿ", "20 ನಿಮಿಷ ಮಗು ಎತ್ತಿಕೊಳ್ಳಿ, ತಲೆಗೆ ನೀರು ಹಾಕಿಕೊಂಡು ಬರುತ್ತೇನೆ" ಅನ್ನಿ. ಕೆಲಸ ಹೇಳಿದರೆ ಬೇಜಾರು ಮಾಡಿಕೊಳ್ಳುವ ನೆಂಟರು ಮತ್ತೆ ಬರುವುದಿಲ್ಲ, ಅದೂ ಲಾಭವೇ. ಕೆಮ್ಮು-ನೆಗಡಿ ಇದ್ದವರಿಗೆ ಬಾಗಿಲಲ್ಲೇ ನಮಸ್ಕಾರ.

ವಾರಕ್ಕೆ ಎರಡು ದಿನವಾದರೂ ಮಧ್ಯಾಹ್ನ ಒಬ್ಬರು ಬರುವಂತೆ ನೋಡಿ. ಪಕ್ಕದ ಮನೆಯವರಾದರೂ ಸರಿ. ದಿನ ಗೊತ್ತಿರಬೇಕು. "ಯಾವಾಗಾದರೂ ಬರ್ತೀನಿ" ಅಂದವರು ಬರುವುದಿಲ್ಲ.

ರಾತ್ರಿಪಾಳಿ

ಒಂದು ಸೇರಿಸುತ್ತೇನೆ. 6 ವಾರದ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಟಿಎಸ್‌ಎಚ್ ಮಾಡಿಸಬೇಕೇ ಎಂದು ನೀವಾಗಿಯೇ ಕೇಳಿ. ರಕ್ತ ಕಡಿಮೆಯಾದರೂ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಸುಸ್ತು, ಅಳು, ಚಡಪಡಿಕೆ ಹೀಗೇ ಕಾಣುತ್ತವೆ, ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಕಬ್ಬಿಣ-ಫೋಲಿಕ್ ಮಾತ್ರೆ ಹೆರಿಗೆಯಾಗಿ 180 ದಿನ ನುಂಗಬೇಕು, ಹೆಚ್ಚಿನವರು ಒಂದು ತಿಂಗಳಿಗೇ ನಿಲ್ಲಿಸಿರುತ್ತಾರೆ. ಕ್ಯಾಲ್ಸಿಯಂ ಮಾತ್ರೆ, ಹಾಲು, ಕಾಫಿ ಇವುಗಳ ಜೊತೆ ಅದನ್ನು ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ, ಎರಡು ಗಂಟೆ ಅಂತರ ಇರಲಿ.

ಲಸಿಕೆಯ ದಿನಕ್ಕೆ ಯಜಮಾನರು ರಜೆ ಹಾಕಲಿ. ಪ್ಯಾರಾಸಿಟಮಾಲ್ ಹನಿ ಎಷ್ಟು ಅನ್ನುವುದನ್ನು ಮಗುವಿನ ಆ ದಿನದ ತೂಕ ನೋಡಿ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ, ಡ್ರಾಪ್ಸ್ ಮತ್ತು ಸಿರಪ್ ಸಾಂದ್ರತೆ ಬೇರೆ ಬೇರೆ. ಲಸಿಕೆ ಇಲ್ಲದ ದಿನ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹಾಲು ಬಿಟ್ಟರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಹಸಿರು ವಾಂತಿಯಾದರೆ ಮನೆಮದ್ದು ಬೇಡ, ನೇರ ಆಸ್ಪತ್ರೆ. ಗಾಡಿ ಸಿಗದಿದ್ದರೆ 108.